ಗೋಡೆಯಾಚೆಯ ಹಲ್ಲಿ

ಸದ್ದು ತೀರಾ ಸಣ್ಣದು. ಕೆಳಗಿನ ಮನೆಯಿಂದ ಹೊರಟು, ಮೆಟ್ಟಿಲು ಹತ್ತಿ, ಬಾಗಿಲ ಸಂದಿಯಲ್ಲಿ ತೂರಿ ಬರುತ್ತಿತ್ತು. ಅಲಾರಂ ಗಡಿಯಾರದ ಗಂಟೆ.

ಮಹಡಿ ಕೋಣೆಯಲ್ಲಿ ಮಲಗಿದ್ದ ಸ್ಟೆನೋ ಕಣ್ಣು ಬಿಟ್ಟಳು. ಬೀದಿಯೆಲ್ಲ ಮಲಗಿದ ಹೊತ್ತು. ನ್ಯಾಯಾಲಯದಲ್ಲಿ ಸಾಕ್ಷಿಗಳ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ಅವಳ ಕೆಲಸ. ಇಡೀ ದಿನ ಕಿವಿಯಿಂದಲೇ ದುಡಿಯುವವಳಿಗೆ ರಾತ್ರಿ ಬೆಕ್ಕು ಹಾರಿದರೂ ಎಚ್ಚರ. ಈಗ ನಿಲ್ಲುತ್ತದೆ, ಇನ್ನೇನು ನಿಲ್ಲುತ್ತದೆ ಎಂದು ಕಾದಳು. ನಿಲ್ಲಲಿಲ್ಲ.

ಕೆಳಗಿರುವುದು ಸೋದರಮಾವ. ಗಡಿಯಾರ ರಿಪೇರಿಯವರು. ಆ ಮನೆಯಲ್ಲಿ ಯಾವ ಗಂಟೆಯೂ ಬೇಕಾದ್ದಕ್ಕಿಂತ ಹೆಚ್ಚು ಬಾರಿಸಿದ್ದಿಲ್ಲ. ಅಲಾರಂ ನಿಲ್ಲಿಸುವ ಕೈಯೇ ಇಲ್ಲವಾಯಿತೇನೋ ಎಂದುಕೊಂಡು ಅವಳು ಚಪ್ಪಲಿಯನ್ನೂ ಮೆಟ್ಟದೆ ಕೆಳಗೋಡಿದಳು.

ಮನೆಯ ಮುಂಭಾಗವೇ ಅಂಗಡಿ. ಅಲ್ಲಿ ದೀಪ ಉರಿಯುತ್ತಿತ್ತು. ಮಾವ ಸ್ಟೂಲಿನ ಮೇಲೆ ಕೂತಿದ್ದರು. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಸಣ್ಣ ತಿರುಪುಳಿ. ಎದುರಿಗೆ ಬೆನ್ನು ಬಿಚ್ಚಿದ ಅಲಾರಂ ಗಡಿಯಾರ.

“ಮಾವ!”

ಅವರು ತಿರುಗಲಿಲ್ಲ. ಅವಳ ನೆರಳು ಮೇಜಿನ ಮೇಲೆ ಬಿದ್ದಾಗ ತಲೆ ಎತ್ತಿದರು.

“ಎದ್ದುಬಿಟ್ಯಾ ಪುಟ್ಟಿ? ನೋಡು ಇದರ ಕೊಬ್ಬು. ಎರಡು ಸಲ ಬಿಚ್ಚಿ ಕೂರಿಸಿದೆ. ಸುತ್ತಿಗೆ ಚೆನ್ನಾಗೇ ಆಡ್ತಿದೆ. ಗಂಟೆ ಮಾತ್ರ ಬಾಯಿ ಬಿಡಲ್ಲ ಅನ್ನುತ್ತೆ.”

ಗಂಟೆ ಬಾರಿಸುತ್ತಲೇ ಇತ್ತು.

ಅವಳು ಕೈ ಚಾಚಿ ಅದನ್ನು ಹಿಡಿದು ನಿಲ್ಲಿಸಿದಳು. ಮಾವ ಅವಳ ಕೈ ನೋಡಿದರು. ಮುಖ ನೋಡಿದರು. ಭೂತಗನ್ನಡಿಯನ್ನು ಮೆಲ್ಲಗೆ ತೆಗೆದಿಟ್ಟರು.

“ಬಾರಿಸ್ತಿತ್ತಾ?”

ಅವಳು ತಲೆಯಾಡಿಸಿದಳು.

ಚೀಲದೊಳಗಿನ ಗಡಿಯಾರದ ಟಿಕ್‌ಟಿಕ್ ಕೇಳಿಯೇ ಹಲ್ಲು ಸವೆದಿದೆಯೋ ಸ್ಪ್ರಿಂಗ್ ಸಡಿಲಾಗಿದೆಯೋ ಹೇಳುತ್ತಿದ್ದ ಮನುಷ್ಯ ಅದು. ತಾಯಿಯಿಲ್ಲದ ಸ್ಟೆನೋಳನ್ನು ಸಾಕಿದ್ದು, ಓದಿಸಿದ್ದು ಆ ಕಿವಿಗಳ ದುಡಿಮೆ.

“ಯಾವಾಗಿನಿಂದ ಹೀಗೆ?” ಅವಳು ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದಳು.

“ಗಂಡಸರ ದಪ್ಪ ದನಿ ಹತ್ತಿರದಿಂದ ಕೇಳುತ್ತೆ. ನಿಮ್ಮತ್ತೆ ಮಾತು ಎಲ್ಲೋ ತೇಲಿ ಹೋಗುತ್ತೆ. ಮೊದಮೊದಲು ಪುಣ್ಯ ಮಾಡಿದ್ದೆ ಅಂದ್ಕೊಂಡೆ.” ನಗಲು ನೋಡಿದರು. “ಆಮೇಲೆ ಪಕ್ಕದ ಗೋಡೆ ಹಲ್ಲಿ ಸತ್ತುಹೋಯ್ತು. ದಿನಾ ಟಕ್‌ಟಕ್ ಅಂತಿತ್ತಲ್ಲ, ಅದು. ಅದರ ಬದಲಿಗೆ ತಲೆಯೊಳಗೆ ಒಂದು ಜೀರುಂಡೆ ಬಂದು ಮನೆ ಮಾಡಿದೆ. ಹಗಲೂ ರಾತ್ರಿ ಜೀರ್ ಅನ್ನುತ್ತೆ.”

“ನಾಳೆ ಕಿವಿ ಡಾಕ್ಟರ ಹತ್ತಿರ ಹೋಗೋಣ.”

“ಹೋಗೋಣ. ನಿಮ್ಮತ್ತೆಯನ್ನ ಈಗಲೇ ಎಬ್ಬಿಸಿ ಹೇಳಬೇಡ. ಹಿಂದಿನ ಕೋಣೆಯಲ್ಲಿ ಮಲಗಿರಲಿ ಪಾಪ.”

*

ಕಿವಿ ಡಾಕ್ಟರು ಮಾತು ಕಡಿಮೆಯ ಹೆಂಗಸು. ಪರೀಕ್ಷೆಯ ಗಾಜಿನ ಕೋಣೆಯಿಂದ ಮಾವನನ್ನು ಹೊರಗೆ ಕರೆದು ಕೂರಿಸಿ, ತಮ್ಮ ಕುರ್ಚಿಯಲ್ಲಿ ಕೂತರು.

“ವಯಸ್ಸಾಯ್ತಲ್ಲ ಡಾಕ್ಟ್ರೇ,” ಎಂದರು ಅತ್ತೆ. “ನಾನು ಹೇಳಿದ್ರೆ ಕೇಳಿಸದ ಹಾಗೆ ಇರೋದು ಇವರಿಗೆ ಮದುವೆಯಾದಾಗಿನಿಂದ ಅಭ್ಯಾಸ.”

“ವಯಸ್ಸು ಹೀಗೆ ಕದಿಯಲ್ಲಮ್ಮ. ಅದು ನಿಧಾನಕ್ಕೆ ಒಂದೊಂದೇ ಒಯ್ಯುತ್ತೆ. ಇದು ಬಾಗಿಲು ಒಡೆದು ಒಯ್ದ ಹಾಗಿದೆ. ಎರಡೂ ಕಿವಿ, ಒಟ್ಟಿಗೆ. ಸಣ್ಣ ಸದ್ದುಗಳೆಲ್ಲ ಖಾಲಿ. ಏನೇನು ಔಷಧಿ ತಗೋತಿದಾರೆ?”

ಅತ್ತೆ ಕೈಚೀಲವನ್ನು ಮೇಜಿನ ಮೇಲೆ ಸುರಿದರು. ಕರುಳಿನ ಹಳೆಯ ಹುಣ್ಣಿಗೆ ಒಂದು ಮಾತ್ರೆ. ಮೂತ್ರಪಿಂಡ ಸೋತು ಕಾಲು ಬಾತುಕೊಂಡಿದ್ದರಿಂದ ಮೂತ್ರ ಹೋಗಲು ಇನ್ನೊಂದು. ಕೊನೆಯಲ್ಲಿ ಉರುಳಿದ್ದು ಒಂದು ಪ್ಲಾಸ್ಟಿಕ್ ಬಾಟಲಿ. ಚೀಟಿಯಿಲ್ಲ, ಹೆಸರಿಲ್ಲ. ಒಳಗೆ ಬಿಡಿಬಿಡಿ ಬಿಳಿ ಮಾತ್ರೆಗಳು.

“ಇದೇನು?”

“ಹೊಟ್ಟೆ ಕೆಟ್ಟಿತ್ತು. ಕರುಳಿನ ಸೋಂಕು ಅಂತ ಪಕ್ಕದ ಔಷಧಿ ಅಂಗಡಿಯವರು ಕೊಟ್ಟರು. ದೇವರಂಥ ಮನುಷ್ಯ. ಮುಗಿದ ಹಾಗೆಲ್ಲ ತುಂಬಿಸಿಕೊಡ್ತಾರೆ. ಇವರಿಗೋ ಮಾತ್ರೆ ಅಂದ್ರೆ ಮುಖ ಸೊಟ್ಟ. ನಾನು ಪಕ್ಕದಲ್ಲಿ ಕೂತು ನುಂಗಿಸಿ, ರಾತ್ರಿ ಹಾಲು ಕುಡಿಸಿ ಮಲಗಿಸೋದು.”

“ಭೇದಿ ನಿಂತಿತಾ?”

“ಎಲ್ಲಿ ನಿಲ್ಲುತ್ತೆ? ಇನ್ನೂ ಜಾಸ್ತಿ.”

ಡಾಕ್ಟರ ಪೆನ್ನು ನಿಂತಿತು. ಅವರು ಅತ್ತೆಯನ್ನು ಬಿಟ್ಟು ಸ್ಟೆನೋಳನ್ನು ನೋಡಿದರು.

“ಈ ಬಾಟಲಿ ನನ್ನ ಹತ್ತಿರ ಇರಲಿ. ಇದರ ಒಂದು ಮಾತ್ರೆಯೂ ಇನ್ನು ಬೇಡ. ಮೂತ್ರಪಿಂಡಕ್ಕೆ ಇವತ್ತೇ ರಕ್ತ ಪರೀಕ್ಷೆ ಆಗಲಿ. ಇದು ಏನು ಮಾತ್ರೆ ಅಂತ ಆ ದೇವರನ್ನೇ ಕೇಳಿಕೊಂಡು ನನಗೆ ಫೋನ್ ಮಾಡಿ.”

*

ಬೀದಿಯವರು ಔಷಧಿ ಅಂಗಡಿಯವನನ್ನು ಅರ್ಧಡಾಕ್ಟರು ಎನ್ನುತ್ತಿದ್ದರು. ಹೊಗಳಿಕೆಯಾಗಿಯೇ. ಕೆಮ್ಮಿದರೆ ಸಾಕು, ಚೀಟಿ ಕೇಳದೆ ಮಾತ್ರೆ ಎಣಿಸಿಕೊಡುವವನು. ಗಡಿಯಾರದಂಗಡಿಗೂ ಅವನ ಉಗ್ರಾಣಕ್ಕೂ ನಡುವೆ ಒಂದೇ ಹಲಗೆಯ ಗೋಡೆ.

“ಬನ್ನಿ ಬನ್ನಿ ಸ್ಟೆನೋ ಮೇಡಂ. ಯಜಮಾನರು ಹೇಗಿದಾರೆ?” ಮಡಕೆಯೊಳಗಿಂದ ಬಂದಂಥ ದಪ್ಪ ದನಿ.

“ನೀವು ಕೊಟ್ಟ ಬಿಳಿ ಮಾತ್ರೆ ಯಾವುದು?”

ಅವನು ಕಣ್ಣು ಮಿಟುಕಿಸಲಿಲ್ಲ. “ನಿಯೋಮೈಸಿನ್. ಆ್ಯಂಟಿಬಯಾಟಿಕ್. ಕರುಳಲ್ಲೇ ಇದ್ದು ಕೆಲಸ ಮಾಡುತ್ತೆ, ಮೈಗೆ ಹತ್ತಲ್ಲ. ಯಾಕೆ, ಏನಾಯ್ತು?”

“ಯಾರು ಬರೆದುಕೊಟ್ಟಿದ್ದು?”

“ಅವರ ಹೊಟ್ಟೆ ಡಾಕ್ಟರೇ. ಫೋನಲ್ಲಿ ಹೇಳಿದರು. ಅವರು ಯಾವತ್ತು ಕೈಯಾರೆ ಬರೆದಿದಾರೆ ಹೇಳಿ? ದೊಡ್ಡವರು ಹೇಳಿದ್ದನ್ನ ಕೊಡೋದಷ್ಟೇ ನಮ್ಮ ಪಾಡು.”

ಅವಳಿಗೊಂದು ಅಭ್ಯಾಸ. ಯಾರಾದರೂ ಮಾತಾಡುತ್ತಿದ್ದರೆ ಬಲಗೈ ಬೆರಳು ತೊಡೆಯ ಮೇಲೆ ತಾನೇ ತಾನಾಗಿ ಶೀಘ್ರಲಿಪಿ ಬರೆಯುತ್ತದೆ. ಆ ಮಾತನ್ನೂ ಬೆರಳು ಬರೆದುಕೊಂಡಿತು. ಅವಳು ಪಾದಚಾರಿ ದಾರಿಯಲ್ಲೇ ನಿಂತು ಕಿವಿ ಡಾಕ್ಟರಿಗೆ ಫೋನ್ ಮಾಡಿದಳು.

ಮಾತ್ರೆಯ ಹೆಸರು ಹೇಳಿದಳು.

“ಕರುಳು ಗಟ್ಟಿಯಿದ್ದವರಲ್ಲಿ ಆ ಔಷಧಿ ಬಹುಪಾಲು ಕರುಳಲ್ಲೇ ಉಳಿದು ಆಚೆ ಹೋಗುತ್ತೆ. ಅವನು ಹೇಳಿದ್ದು ಅಲ್ಲಿಗೆ ನಿಜ. ಅವರಿಗೂ ಕೊಡೋದು ಕೆಲವೇ ದಿನ, ಕಿವಿ ಮತ್ತು ಮೂತ್ರಪಿಂಡದ ಮೇಲೆ ಒಂದು ಕಣ್ಣಿಟ್ಟು. ಕರುಳಲ್ಲಿ ಹುಣ್ಣಿದ್ದವರಿಗೆ ಕೊಡೋ ಹಾಗೇ ಇಲ್ಲ. ಹುಣ್ಣಿನಿಂದ ರಕ್ತಕ್ಕೆ ಇಳಿಯುತ್ತೆ. ಮೂತ್ರಪಿಂಡ ಸೋತಿದ್ದರೆ ಆಚೆ ಹೋಗದೆ ಒಳಗೇ ತುಂಬಿಕೊಳ್ಳುತ್ತೆ. ಕಾಲು ಬಾವಿನ ಆ ಮೂತ್ರದ ಮಾತ್ರೆ ಜೊತೆಗೆ ಸೇರಿದರೆ ಕಿವಿ ಇನ್ನೂ ಬೇಗ ಹೋಗುತ್ತೆ.”

“ಭೇದಿ ನಿಲ್ಲಲಿಲ್ಲ ಅಂತ ತಾನೇ ಮುಂದುವರಿಸಿದ್ದು?”

“ನಿಲ್ಲೋದು ಹೇಗಮ್ಮ? ಆ ಮಾತ್ರೆಯೇ ಭೇದಿ ತರಿಸುತ್ತೆ.”

“ಡಾಕ್ಟರ್, ಹೋದದ್ದು ವಾಪಸ್ ಬರುತ್ತಾ?”

“ಉಳಿದದ್ದನ್ನ ಉಳಿಸಿಕೊಳ್ಳೋಣ,” ಎಂದರು ಅವರು.

ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು. ಆ ಕರ್ಕಶ ಸದ್ದನ್ನು ಮಾವ ಬೈದುಕೊಳ್ಳುತ್ತಿದ್ದುದು ನೆನಪಾಗಿ ಸ್ಟೆನೋಳ ಮೈ ಉರಿಯಿತು. ಯಾರೋ ಒಬ್ಬರು ಈ ಮಾತ್ರೆಯನ್ನು ಅವರ ಬಾಯಿಗೆ ಇಡಿಸಿದ್ದರು. ಯಾರೆಂದು ಗೊತ್ತಾಗಬೇಕಿತ್ತು.

*

ಹೊಟ್ಟೆ ಡಾಕ್ಟರ ಕೋಣೆಯ ಹೊರಗೆ ಬೆಂಚುಗಳು ತುಂಬಿ ಜನ ಗೋಡೆಗೆ ಒರಗಿದ್ದರು. ಅವಳು ಸರದಿ ಕಾಯದೆ ಒಳಗೆ ನುಗ್ಗಿದಳು.

“ನಮ್ಮ ಮಾವನಿಗೆ ನಿಯೋಮೈಸಿನ್ ಕೊಡಿ ಅಂತ ನೀವು ಹೇಳಿದ್ರಾ?”

“ನಾನಾ? ಆ ಹುಣ್ಣಿಟ್ಟುಕೊಂಡವರಿಗಾ?” ಡಾಕ್ಟರು ಎದ್ದೇ ನಿಂತರು. “ತಲೆ ಕೆಟ್ಟಿದೆಯಾ ನಿಮಗೆ?”

“ಫೋನಲ್ಲಿ ಹೇಳಿದ್ರಂತೆ.”

ಅವರ ಮುಖದ ಬಣ್ಣ ಇಳಿಯಿತು. ಕೂತರು. ಮೇಜಿನ ಮೇಲೆ ಎರಡು ಫೋನುಗಳಿದ್ದವು, ಎರಡೂ ಗುಂಯ್‌ಗುಡುತ್ತಿದ್ದವು.

“ನೋಡಿಮ್ಮ... ದಿನಾ ಎಷ್ಟೋ ಜನ ಫೋನ್ ಮಾಡ್ತಾರೆ. ಅಂಗಡಿಯವರೂ ಮಾಡ್ತಾರೆ. ಬೇರೆ ಯಾರಿಗೋ ಹೇಳಿದ್ದು... ಇಲ್ಲ. ಹಾಗೆ ಹೇಳಿರಲಾರೆ.”

“ಇರಲಾರೆ?”

“ಹೇಳಿಲ್ಲ ಅನ್ಸುತ್ತೆ.”

“ಅನ್ಸುತ್ತೆ!” ಅವಳ ದನಿ ಗೋಡೆಯಾಚೆಯ ಬೆಂಚುಗಳಿಗೂ ಕೇಳಿಸಿತು. “ಒಬ್ಬ ಮನುಷ್ಯನ ಕಿವಿ ಹೋಗಿದೆ. ಅವನ ಅನ್ನ ಹೋಗಿದೆ. ನಿಮಗೆ ಅನ್ಸುತ್ತೆ!”

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಅಪರಾಧಿ ಸಿಕ್ಕ ಎಂದುಕೊಂಡಳು ಅವಳು. ದೂರು ಬರೆಯುವುದೊಂದೇ ಬಾಕಿ ಎಂದುಕೊಂಡೇ ಮನೆಗೆ ಬಂದಳು.

ಆದರೂ ಏನೋ ಚುಚ್ಚುತ್ತಿತ್ತು. ಕಟಕಟೆಯಲ್ಲಿ ಸುಳ್ಳು ಹೇಳುವವರ ಮಾತನ್ನು ಅವಳ ಬೆರಳು ಎಷ್ಟೋ ವರ್ಷ ಬರೆದಿದೆ. ಸುಳ್ಳುಗಾರರು ತಡವರಿಸುವುದಿಲ್ಲ. ನೀಟಾಗಿ, ಅಲ್ಪವಿರಾಮ ಸಮೇತ ಹೇಳುತ್ತಾರೆ. ಡಾಕ್ಟರು ತಡವರಿಸಿದ್ದರು. ನೀಟಾಗಿ ಮಾತಾಡಿದ್ದು ಇನ್ನೊಬ್ಬ.

*

ಮರುದಿನ ಮಧ್ಯಾಹ್ನ ಮಾವನ ಕೈಯಿಂದ ಒಂದು ತಿರುಪು ಜಾರಿತು. ಸಾಸಿವೆಗಿಂತ ಚಿಕ್ಕದು. ಮೊದಲಾಗಿದ್ದರೆ ಅದು ನೆಲಕ್ಕೆ ತಾಗಿದ ಸದ್ದಿನಿಂದಲೇ ಯಾವ ಮೂಲೆಗೆ ಹೋಯಿತೆಂದು ಹೇಳುತ್ತಿದ್ದರು. ಈಗ ಸುಮ್ಮನೆ ಕೈ ಚೆಲ್ಲಿ ಕೂತರು.

“ಇರಿ ಮಾವ, ನಾನು ಹುಡುಕ್ತೀನಿ.” ರಜೆ ಹಾಕಿದ್ದ ಅವಳು ಮೇಜಿನ ಕೆಳಗೆ ನುಸುಳಿ ಮಂಡಿಯೂರಿದಳು. ಬೀದಿಯಿಂದ ನೋಡಿದವರಿಗೆ ಮಾವ ಒಬ್ಬರೇ ಕಾಣುತ್ತಿದ್ದರು.

ಯಾರೋ ಹೊಸ್ತಿಲ ಬಳಿ ನಿಂತು ಒಳಗಿಣುಕಿ ಹೋದರು. ಮೇಜಿನ ಅಡಿಯಿಂದ ಚಪ್ಪಲಿಯಷ್ಟೇ ಕಂಡಿತು. ಆಮೇಲೆ ಹಲಗೆ ಗೋಡೆಯ ಆಚೆ ಬಾಗಿಲು ಹಾಕಿಕೊಂಡ ಸದ್ದು.

ಟಕ್... ಟಕ್‌ಟ. ಟಕ್... ಟಕ್‌ಟ.

ಸ್ಟೆನೋ ಗೋಡೆಯತ್ತ ಕಿವಿ ತಿರುಗಿಸಿದಳು. ಗೋಡೆಯ ಹಲ್ಲಿ. ಸತ್ತಿರಲಿಲ್ಲ. ಅವಳ ಕಿವಿಯಿಂದ ಒಂದು ಗೇಣು ದೂರದಲ್ಲಿ, ಲೋಹದ ನಾಲಿಗೆಯಿಂದ, ಒಂದೇ ಸಮನೆ ಲೊಚಗುಟ್ಟುತ್ತಿತ್ತು.

ತಲೆ ಎತ್ತಿ ನೋಡಿದಳು. ಮಾವ ಗೋಡೆಗೆ ಬೆನ್ನು ಕೊಟ್ಟು ಒಂದು ಹಲ್ಲುಚಕ್ರವನ್ನು ಬಟ್ಟೆಯಿಂದ ಉಜ್ಜುತ್ತಿದ್ದರು. ಕಣ್ಣರೆಪ್ಪೆಯೂ ಅಲುಗಲಿಲ್ಲ.

ಅವಳು ತೆವಳಿಕೊಂಡು ಹೊರಬಂದು ಮಾವನನ್ನು ಹಿತ್ತಲಿಗೆ ಕರೆದೊಯ್ದಳು. ಕಿವಿಗೆ ಬಾಯಿಟ್ಟು, ದನಿ ತಗ್ಗಿಸಿ ದಪ್ಪ ಮಾಡಿಕೊಂಡು ಕೇಳಿದಳು.

“ಆ ಗೋಡೆಯ ಹಲ್ಲಿ ವಿಷಯ ಯಾರಿಗಾದ್ರೂ ಹೇಳಿದ್ರಾ?”

“ಅರ್ಧಡಾಕ್ಟರಿಗೇ ಹೇಳಿದೀನಲ್ಲ! ಅದು ಹಲ್ಲಿ ಅಲ್ಲ ಕಣೇ, ತಮಾಷೆಗೆ ಹಾಗಂತೀನಿ. ಅದು ಕೈಯಲ್ಲಿ ಒತ್ತೋ ಮುದ್ರೆ ಯಂತ್ರ. ಅಂಕಿ ತಿರುಗಿಸಿ ತಾರೀಖು ಒತ್ತೋದು. ಎರಡನೇ ಏಟು ಕೂದಲೆಳೆಯಷ್ಟು ತಡವಾಗಿ ಬೀಳ್ತಿತ್ತು. ಸ್ಪ್ರಿಂಗ್ ಸೋತಿದೆ, ತಂದುಕೊಡಿ, ಬಿಗಿ ಮಾಡಿಕೊಡ್ತೀನಿ ಅಂದೆ. ನನಗೆ ಆ ತಡ ಸಹಿಸೋಕೇ ಆಗ್ತಿರಲಿಲ್ಲ.”

“ಅವನೇನಂದ?”

“ನಕ್ಕ. ಏನು ಕಿವಿ ಯಜಮಾನ್ರೇ ನಿಮ್ಮದು ಅಂದ. ಅವತ್ತಿನಿಂದ ಸ್ವಲ್ಪ ದಿನ ಸದ್ದೇ ಇರಲಿಲ್ಲ.”

“ಮಾತ್ರೆ ಕೊಟ್ಟಿದ್ದು?”

ಮಾವ ಯೋಚಿಸಿದರು. “ಅದೇ ಆಸುಪಾಸು. ಹೊಟ್ಟೆ ಸರಿಯಿಲ್ಲ ಅಂದೆ. ಅವನಾಗೇ ಮನೆಗೆ ತಂದುಕೊಟ್ಟ.”

ಸ್ಟೆನೋ ಗೋಡೆಗೆ ಕೈ ಊರಿದಳು. ಅವಳ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ತೆವಳುತ್ತಿತ್ತು. ಆಸ್ಪತ್ರೆಯೊಂದರಲ್ಲಿ ಜ್ವರದ ಮದ್ದು ಕೆಲಸ ಮಾಡದೆ ಒಬ್ಬ ಹುಡುಗಿ ಸತ್ತಿದ್ದಳು. ಮದ್ದಿನ ಹಳೆಯ ತಾರೀಖು ಕೆರೆದು ಹೊಸದು ಒತ್ತಿದ್ದರು. ಒತ್ತಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹುಡುಗಿಯ ತಂದೆ ಕಟಕಟೆಯಲ್ಲಿ ನಿಂತು, “ಸಮಯಕ್ಕೆ ಸರಿಯಾಗಿ ಕೊಟ್ಟೆ ಸ್ವಾಮಿ, ಒಂದು ಹೊತ್ತೂ ತಪ್ಪಿಸಲಿಲ್ಲ,” ಎಂದಿದ್ದ. ಆ ಮಾತು ಬರೆಯುವಾಗ ಅವಳ ಪೆನ್ಸಿಲ್ ಮುರಿದಿತ್ತು.

“ಮಾವ, ನಿಮಗೆ ಕಿವಿ ಕೇಳಿಸ್ತಿಲ್ಲ ಅಂತ ಅವನಿಗೆ ಗೊತ್ತಾ?”

ಅವರು ತಲೆ ತಗ್ಗಿಸಿದರು. ಹೇಳಲು ನಾಚಿಕೆ.

“ಒಂದು ದಿನ ಒಂದು ಹಳೆಯ ಜೇಬುಗಡಿಯಾರ ತಂದ. ನಿಂತುಹೋಗಿದೆ ನೋಡಿ ಅಂದ. ಕಿವಿಗಿಟ್ಟು ನೋಡಿದೆ. ಹೌದು, ನಿಂತಿದೆ ಅಂದೆ. ಹಾಗಾದ್ರೆ ಇನ್ನೊಂದು ದಿನ ತರ್ತೀನಿ ಅಂತ ಕಿಸೆಗೆ ಹಾಕೋಕೆ ಹೋದ. ಒಂದು ನಿಮಿಷ ಕೊಡಿ ಅಂತ ನಾನೇ ಕಸಕೊಂಡು ಬೆನ್ನು ತೆಗೆದೆ. ಚಕ್ರ ಕುಣೀತಾ ಇತ್ತು, ಪುಟ್ಟಿ. ಅದು ನಿಂತೇ ಇರಲಿಲ್ಲ.”

“ಆಗ ಅವನು?”

“ಪರವಾಗಿಲ್ಲ ಬಿಡಿ, ವಯಸ್ಸು ಅಂದ. ಬೆನ್ನು ತಟ್ಟಿದ. ಯಾರಿಗೂ ಹೇಳಲ್ಲ ಅಂದ. ನಾನು ಅವನ ಕೈ ಹಿಡಕೊಂಡು ಉಪಕಾರ ಆಯ್ತು ಅಂದೆ.”

ಅವಳಿಗೆ ಮೊದಲು ಕಣ್ಣೀರು ಬರುತ್ತದೆ ಎನಿಸಿತು. ಬಂದದ್ದು ಸಿಟ್ಟು. ಕೇಳಿದ್ದನ್ನೆಲ್ಲ ಆಗಲೇ ಪೊಲೀಸರಿಗೆ ಫೋನ್ ಮಾಡಿ ಹೇಳಿದಳು.

*

ಇನ್ಸ್‌ಪೆಕ್ಟರು ಯಾವಾಗಲೂ ಕೆಮ್ಮುವ ಮನುಷ್ಯ. ಸತ್ತ ಹುಡುಗಿಯ ಮೊಕದ್ದಮೆ ಅವರದೇ. ಔಷಧ ಇಲಾಖೆಯ ಅಧಿಕಾರಿಯನ್ನೂ ಕರೆದುಕೊಂಡು ಹಿತ್ತಲ ಬಾಗಿಲಿನಿಂದ ಗಡಿಯಾರದಂಗಡಿಗೆ ಬಂದರು. ಕೆಮ್ಮು ತಡೆಯಲು ಬಾಯಿಗೆ ಕರವಸ್ತ್ರ ತುರುಕಿಕೊಂಡರು. ಮಾವ ಎಂದಿನಂತೆ ಸ್ಟೂಲಿನ ಮೇಲೆ, ಬೀದಿಗೆ ಕಾಣುವಂತೆ ಕೂತರು.

ಟಕ್... ಟಕ್‌ಟ.

ಇನ್ಸ್‌ಪೆಕ್ಟರು ಕರವಸ್ತ್ರ ತೆಗೆದರು. “ಸ್ಪ್ರಿಂಗ್ ಇನ್ನೂ ಸೋತೇ ಇದೆ,” ಎಂದು ಹೊರನಡೆದರು.

ಉಗ್ರಾಣದ ಬಾಗಿಲು ಎರಡೇ ಒದೆತಕ್ಕೆ ತೆರೆದುಕೊಂಡಿತು. ಅರ್ಧಡಾಕ್ಟರು ಹಲಗೆ ಗೋಡೆಗೆ ಅಂಟಿಕೊಂಡ ಮೇಜಿನ ಮುಂದೆ ಕೂತಿದ್ದ. ಒಂದು ಬದಿಗೆ ತಾರೀಖು ಕೆರೆದ ಮದ್ದಿನ ಪೆಟ್ಟಿಗೆಗಳು, ಇನ್ನೊಂದು ಬದಿಗೆ ಹೊಸ ತಾರೀಖಿನವು. ನಡುವೆ ಮುದ್ರೆ ಯಂತ್ರ. ಅಧಿಕಾರಿ ಪೆಟ್ಟಿಗೆಗಳನ್ನು ಎತ್ತಿ ಎತ್ತಿ ನೋಡಿ ಇನ್ಸ್‌ಪೆಕ್ಟರಿಗೆ ತಲೆಯಾಡಿಸಿದ. ಹುಡುಗಿಗೆ ಕೊಟ್ಟ ಮದ್ದೂ ಅಲ್ಲಿತ್ತು.

ಬಾಗಿಲಲ್ಲಿ ಜನ ಸೇರಿದರು. ಅತ್ತೆಯೂ ಬಂದರು. ಸ್ಟೆನೋ ಮಾವನ ತೋಳು ಹಿಡಿದು ಒಳಗೆ ಬಂದಳು.

“ತಾರೀಖಿನ ತಪ್ಪು ಒಪ್ಕೋತೀನಿ,” ಎಂದ ಅವನು. ದನಿ ಆಗಲೇ ನೀಟಾಗಿತ್ತು. “ವ್ಯಾಪಾರ. ನಾನೊಬ್ಬನೇ ಮಾಡಿದ್ದಲ್ಲ. ಆದರೆ ಯಜಮಾನರ ಕಿವಿ ವಿಷಯ ನನ್ನ ತಲೆಗೆ ಕಟ್ಟಬೇಡಿ. ಡಾಕ್ಟರು ಹೇಳಿದ್ದು, ನಾನು ಕೊಟ್ಟಿದ್ದು.”

“ದಿನವಿಡೀ ನಾವು ಹೇಳಿದ್ದು ಬರಕೊಳ್ಳೋರು ಇವತ್ತು ಮಾತಾಡ್ತಾರೆ,” ಎಂದರು ಇನ್ಸ್‌ಪೆಕ್ಟರು. “ಹೇಳಿಮ್ಮ.”

ಸ್ಟೆನೋ ಹಲಗೆ ಗೋಡೆಗೆ ಬೆರಳು ತಾಗಿಸಿ ತೋರಿದಳು.

“ಈ ಗೋಡೆ ಬೆರಳು ದಪ್ಪದ ಹಲಗೆ. ಆಚೆ ಕೂತಿರೋದು ಬೀದಿಗೇ ಸೂಕ್ಷ್ಮ ಕಿವಿ. ಆ ಕಿವಿ ನಿಮ್ಮ ಯಂತ್ರದ ಸ್ಪ್ರಿಂಗ್ ಸೋತಿದ್ದನ್ನೂ ಕಂಡುಹಿಡೀತು. ಅದು ಗೊತ್ತಾದ ಕೂಡಲೇ ನೀವು ಯಂತ್ರ ನಿಲ್ಲಿಸಿದ್ರಿ. ಹೆದರಿದ್ರಿ. ಸರಿ ತಾನೇ? ಈಗ ಹಾಡುಹಗಲಲ್ಲಿ, ಅವರೊಬ್ಬರೇ ಕೂತಿದಾರಾ ಅಂತ ಇಣುಕಿ ನೋಡಿ, ಆಮೇಲೆ ಒತ್ತೋಕೆ ಶುರು ಮಾಡ್ತೀರಿ. ಈಗ ಹೆದರಿಕೆ ಎಲ್ಲಿ ಹೋಯ್ತು?”

“ಅದು... ಅವರಿಗೆ ಕೇಳಿಸಲ್ಲವಲ್ಲ.”

“ಕೇಳಿಸಲ್ಲ ಅಂತ ಅವರ ಹೆಂಡತಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

ಅವನ ಕಣ್ಣು ಬಾಗಿಲ ಕಡೆ ಹೋಯಿತು.

“ನಾನು ಹೇಳ್ತೀನಿ. ನಡೀತಿದ್ದ ಗಡಿಯಾರ ತಂದು ನಿಂತಿದೆ ಅಂದ್ರಿ. ಕಿವಿ ಪೂರ್ತಿ ಹೋಗಿದೆಯಾ ಇಲ್ಲವಾ ಅಂತ ಪರೀಕ್ಷೆ ಮಾಡಿದ್ರಿ. ಹೋಗುತ್ತೆ ಅಂತ ಗೊತ್ತಿದ್ದವನು ಮಾತ್ರ ಹಾಗೆ ಪರೀಕ್ಷೆ ಮಾಡ್ತಾನೆ. ಹೊಟ್ಟೆ ಡಾಕ್ಟರಿಗೆ ಇವರ ಹುಣ್ಣು ಗೊತ್ತು, ಯಂತ್ರ ಗೊತ್ತಿಲ್ಲ. ಯಂತ್ರ, ಹುಣ್ಣು, ಮೂತ್ರಪಿಂಡ, ಕಾಲು ಬಾವಿನ ಮಾತ್ರೆ, ಎಲ್ಲಾ ಗೊತ್ತಿದ್ದವನು ನೀವೊಬ್ಬರೇ. ಅಷ್ಟೂ ಔಷಧಿ ನಿಮ್ಮ ಅಂಗಡಿಯದ್ದೇ. ಆ ಮಾತ್ರೆ ಎಂಥವರಿಗೆ ಕೊಡಬಾರದು ಅಂತ ಅದರ ಪೆಟ್ಟಿಗೆಯಲ್ಲೇ ಬರೆದಿರುತ್ತೆ. ಅಲ್ಲಿ ಬರೆದ ರೋಗವೆಲ್ಲ ನಮ್ಮ ಮಾವನದ್ದೇ! ಅದಕ್ಕೇ ಪೆಟ್ಟಿಗೆ ಬಿಸಾಕಿ, ಹೆಸರಿಲ್ಲದ ಬಾಟಲಿಗೆ ತುಂಬಿಸಿ ಕೊಟ್ಟಿದ್ದು. ಅವರ ಬಾಯಿ ಮುಚ್ಚಿಸೋಕೆ ನಿಮಗೆ ಧೈರ್ಯ ಇರಲಿಲ್ಲ. ಕಿವಿ ಮುಚ್ಚಿಸಿದ್ರಿ!”

“ಡಾಕ್ಟರು ಫೋನಲ್ಲಿ...”

“ಆ ಫೋನುಗಳ ಲೆಕ್ಕ ಇವತ್ತು ಬೆಳಿಗ್ಗೆ ತರಿಸಿ ನೋಡಿದೆ,” ಎಂದರು ಇನ್ಸ್‌ಪೆಕ್ಟರು ಕೆಮ್ಮುತ್ತ. “ಅವರ ಎರಡೂ ಫೋನಿಂದ ನಿಮಗೊಂದು ಕರೆ ಇಲ್ಲ. ನಿಮ್ಮಿಂದ ಅವರಿಗೂ ಇಲ್ಲ. ಏಳಿ.”

ಅತ್ತೆ ಮುನ್ನುಗ್ಗಿದರು. “ಪಾಪಿ! ನಿನ್ನ ಕೈ ಸೇದಿಹೋಗ! ಅಣ್ಣಾ ಅಂತ ಕರೀತಿದ್ದೆನಲ್ಲೋ ನಿನ್ನ!” ಇಬ್ಬರು ಹೆಂಗಸರು ಹಿಡಿದುಕೊಳ್ಳದಿದ್ದರೆ ಅವನ ಕೂದಲು ಅವರ ಕೈಯಲ್ಲಿರುತ್ತಿತ್ತು.

ಬಾಗಿಲ ಬಳಿ ನೂಕುನುಗ್ಗಲು. ಅರ್ಧಡಾಕ್ಟರು ಸ್ಟೆನೋಳ ಪಕ್ಕದಲ್ಲಿ ಒಂದು ಗಳಿಗೆ ಸಿಕ್ಕಿಹಾಕಿಕೊಂಡ. ಅವಳತ್ತ ಬಾಗಿ ತನ್ನ ದಪ್ಪ ದನಿಯಲ್ಲಿ ಹೇಳಿದ.

“ನಾನು ಹೇಳಿದ್ದು ಬೆಳಿಗ್ಗೆ ಒಂದು, ಸಂಜೆ ಒಂದು. ಬಾಟಲಿ ಯಾಕೆ ಅಷ್ಟು ಬೇಗ ಖಾಲಿಯಾಗ್ತಿತ್ತು ಅಂತ ಮನೆಗೆ ಹೋಗಿ ನಿಮ್ಮ ಅತ್ತೆಯನ್ನ ಕೇಳಿ.”

ಪೇದೆ ಅವನನ್ನು ಎಳೆದುಕೊಂಡು ಹೋದ. ಸ್ಟೆನೋ ಸುತ್ತ ನೋಡಿದಳು. ಆ ಗದ್ದಲದಲ್ಲಿ ಯಾರೂ ಕೇಳಿಸಿಕೊಂಡಂತಿರಲಿಲ್ಲ. ಅಷ್ಟು ಹತ್ತಿರದಲ್ಲಿದ್ದವರು ಅವಳ ತೋಳು ಹಿಡಿದಿದ್ದ ಮಾವ ಒಬ್ಬರೇ.

*

ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯ ಪಕ್ಕ ಒಂದು ಪುಟ್ಟ ಕಲ್ಲಿನ ಕುಟ್ಟಾಣಿ ಇತ್ತು. ಸ್ಟೆನೋ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ, ಕಲ್ಲಿನ ಸಣ್ಣ ಕುಳಿಗಳಲ್ಲಿ, ಬಿಳಿಯ ಪುಡಿ.

ಹಜಾರದಲ್ಲಿ ಅತ್ತೆ ನೆರೆಯವಳ ಮುಂದೆ ಗೋಳಾಡುತ್ತಿದ್ದರು.

“ಭೇದಿಯಾಗಿ ನೆಲ ಹಿಡಿದುಬಿಟ್ಟಿದ್ದರಮ್ಮ. ನಾನು ಎಷ್ಟು ಒದ್ದಾಡಿದೀನಿ ಗೊತ್ತಾ? ಮಲಗೋ ಮುಂಚೆ ಹಾಲಲ್ಲಿ...” ಮೂಗು ಒರೆಸಿಕೊಂಡರು. “ನಿಲ್ಲಲಿ, ಬೇಗ ನಿಲ್ಲಲಿ ಅಂತ. ಅದು ವಿಷ ಅಂತ ನನಗೇನು ಗೊತ್ತು?”

ನೆರೆಯವಳಿಗೆ ಅದು ಹಾಲಿನ ಮಾತಾಗಿ ಕೇಳಿಸಿತು. ಅಷ್ಟೇ.

ಸ್ಟೆನೋ ಕುಟ್ಟಾಣಿ ಹಿಡಿದು ನಿಂತೇ ಇದ್ದಳು. ಕಿವಿ ಡಾಕ್ಟರ ಮಾತು ನೆನಪಾಯಿತು. ಕೊಡೋ ಹಾಗೇ ಇಲ್ಲ. ಎರಡಾದರೂ ಇಲ್ಲ, ಒಂದಾದರೂ ಇಲ್ಲ. ಹಾಗಿದ್ದರೆ ಅತ್ತೆ ಪುಡಿಮಾಡಿ ಹಾಲಿಗೆ ಬೆರೆಸಿದ ಹೆಚ್ಚಿನ ಮಾತ್ರೆಗಳಿಂದ ಆದದ್ದೆಷ್ಟು? ಯಾವ ಡಾಕ್ಟರೂ ಅಳೆದು ಹೇಳಲಾರರು. ಆ ನೀಚ ಕೋರ್ಟಿನಲ್ಲಿ ಇದನ್ನು ಎತ್ತಲಾರ. ಎತ್ತಿದರೆ, ಬಾಟಲಿ ಬೇಗ ಖಾಲಿಯಾಗುವುದನ್ನು ನೋಡಿಯೂ ಮತ್ತೆ ಮತ್ತೆ ತುಂಬಿಸಿಕೊಟ್ಟದ್ದನ್ನು ಒಪ್ಪಿಕೊಂಡಂತೆ. ಈ ಮನೆಗೆ ಬೆಂಕಿ ಹಚ್ಚಿ ಹೋಗುವುದಷ್ಟೇ ಅವನಿಗೆ ಬೇಕಿತ್ತು.

ಇನ್ನು ಮೇಲೆ ಮಾವ ಜಗತ್ತಿನ ಸದ್ದನ್ನೆಲ್ಲ ಅತ್ತೆಯ ಮುಖ ನೋಡಿ ತಿಳಿಯಬೇಕು. ಬಾಗಿಲು ಬಡಿದದ್ದು, ಹಾಲು ಉಕ್ಕಿದ್ದು, ಗಿರಾಕಿ ಕರೆದದ್ದು. ಆ ಮುಖವನ್ನೂ ಅವನು ಕದಿಯಲು ಬಿಡಬೇಕೇ?

ತನ್ನ ಬಲಗೈ ಬೆರಳನ್ನು ನೋಡಿಕೊಂಡಳು. ಕೇಳಿದ್ದನ್ನೆಲ್ಲ ಬರೆಯುವ ಬೆರಳು. ಅಲುಗಲಿಲ್ಲ.

ಕೊಳಾಯಿ ತಿರುಗಿಸಿದಳು. ಕುಟ್ಟಾಣಿಯನ್ನು ಉಜ್ಜಿದಳು. ಮತ್ತೆ ಉಜ್ಜಿದಳು. ಸಿಟ್ಟಿನಿಂದ, ಬೆರಳ ಚರ್ಮ ಕೆಂಪಾಗುವಷ್ಟು. ಬಿಳಿಯ ನೀರು ತಿಳಿಯಾಗುವ ತನಕ.

ತಿರುಗಿದರೆ ಬಾಗಿಲಲ್ಲಿ ಮಾವ ನಿಂತಿದ್ದರು.

ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ಕಣ್ಣು ಕುಟ್ಟಾಣಿಯ ಮೇಲಿತ್ತು. ಅರ್ಧಡಾಕ್ಟರು ಬಾಗಿಲ ಬಳಿ ಆಡಿದ ಮಾತು ನೆನಪಾಗಿ ಆಗ ಅವಳಿಗೆ ಹೊಳೆಯಿತು. ಗಂಡಸರ ದಪ್ಪ ದನಿ ಹತ್ತಿರದಿಂದ ಕೇಳುತ್ತೆ ಎಂದಿದ್ದರಲ್ಲ.

“ಹಾಲು ಕಹಿಯಾಗಿರ್ತಿತ್ತು,” ಎಂದರು ಮಾವ. ತಮ್ಮ ದನಿ ಎಷ್ಟು ಜೋರೆಂದು ಗೊತ್ತಾಗದೆ ತೀರಾ ಮೆಲ್ಲಗೆ ಹೇಳಿದರು.

ಹಜಾರದಿಂದ ಅತ್ತೆ ಕೂಗಿದರು. “ಯಾರದು ಅಡುಗೆಮನೇಲಿ? ಏನು ಮಾಡ್ತಿದೀರಿ?”

ಮಾವನಿಗೆ ಅದು ಕೇಳಿಸಲಿಲ್ಲ. ಮೊಳೆಗೆ ನೇತುಹಾಕಿದ್ದ ಬಟ್ಟೆ ತೆಗೆದುಕೊಂಡರು. ಅವಳ ಕೈಯಿಂದ ಕುಟ್ಟಾಣಿ ಪಡೆದು, ಗಡಿಯಾರದ ಹಲ್ಲುಚಕ್ರ ಒರೆಸುವಷ್ಟು ಜತನದಿಂದ ಒರೆಸಿ, ಅದರ ಜಾಗದಲ್ಲೇ ಇಟ್ಟರು.

“ಏನೂ ಇಲ್ಲ ಅತ್ತೆ,” ಎಂದು ಸ್ಟೆನೋ ಕೂಗಿದಳು. “ಪಾತ್ರೆ ತೊಳೀತಿದ್ವಿ.”